ಅಜ್ಜಿಯ ಎಡಗೈ

ಚಟೀರೆಂದು ಬಿದ್ದ ಏಟಿಗೆ ಸಲೋಮಿ ಗೋಡೆಗೆ ಆತು ನಿಂತಳು. ನೆಲದ ತುಂಬ ಗಂಜಿ ಚೆಲ್ಲಿತ್ತು. ಹಿತ್ತಾಳೆಯ ಬಟ್ಟಲು ಹೊಸ್ತಿಲ ತನಕ ಉರುಳಿ ಹೋಗಿತ್ತು.

“ಒಂದು ಬಟ್ಟಲಾ ಹಿಡಿಯಾಕ ಬರೂದಿಲ್ಲೇನು ನಿನಗ?” ಸುಗಂಧಾಳ ದನಿ ನಡುಗುತ್ತಿತ್ತು.

ಏಳು ವರ್ಷದ ಮಗಳು ಕೆನ್ನೆ ಹಿಡಿದುಕೊಂಡು ಮಂಚದ ಕಡೆ ನೋಡಿದಳು. ಮಂಚದ ಮೇಲೆ ಸುಗಂಧಾಳ ಅತ್ತೆ ರಾಹೇಲಬಾಯಿ ಮಲಗಿದ್ದಳು. ಹಿಂದಿನ ವರ್ಷ ಲಕ್ವಾ ಹೊಡೆದು ಅವಳ ಬಲಭಾಗವೂ ನಾಲಿಗೆಯೂ ಬಿದ್ದುಹೋಗಿದ್ದವು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಗಂಡ ದೇವಿದಾಸ ಮೆಲ್ಲಗೆ ಅಂದ: “ಕೂಸಿನ್ನ ಯಾಕ ಹೊಡದಿ? ಬಟ್ಟಲಾ ಕೆಡವಿದ್ದು ಅವ್ವ. ಕೈ ಎತ್ತಾಕ ಹೋಗಿ ತಾಕಿತು. ನಾ ಕಣ್ಣಾರೆ ಕಂಡೆ.”

ಸುಗಂಧಾ ಒಳಗೆ ಹೋಗಿ ಒಲೆಯ ಮುಂದೆ ಕುಸಿದಳು. ಮಗಳ ಕೆನ್ನೆಯ ಮೇಲೆ ಬಿದ್ದ ಆ ಸಿಟ್ಟು ಯಾರ ಮೇಲಿನದೆಂದು ಅವಳಿಗೆ ಗೊತ್ತಿರಲಿಲ್ಲವೇ!

ಬಸವಕಲ್ಯಾಣದಿಂದ ಹುಮನಾಬಾದಿನ ಈ ಮನೆಗೆ ಸೊಸೆಯಾಗಿ ಬಂದ ಮೊದಲ ದಿನದಿಂದಲೂ ಅತ್ತೆಯ ಕಣ್ಣಿಗೆ ಅವಳು ಮುಳ್ಳು. ಚೊಚ್ಚಲ ಮಗ ಪ್ರಭುದಾಸನಿಗೆ ಜ್ವರ ನೆತ್ತಿಗೇರಿದ ದಿನ ಮಾಸ್ತರಿಕೆಯ ದೇವಿದಾಸ ಚಿಟಗುಪ್ಪದ ಶಾಲೆಯಲ್ಲಿದ್ದ. “ಬೀದರಿನ ದವಾಖಾನಿಗೆ ಒಯ್ಯೂಣ್ರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ...” ಎಂದು ಸುಗಂಧಾ ಗೋಗರೆದಳು. “ಮೈ ಬೆಚ್ಚಗಾದ್ರ ಸಾಕು, ಮೋಟಾರು ಹತ್ತಬೇಕೇನು? ಗಂಡ ಬರೋ ತನಕ ಹೊರಗ ಕಾಲಿಡಬ್ಯಾಡ!” ಎಂದು ರಾಹೇಲಬಾಯಿ ಬಾಗಿಲಿಗೆ ಅಡ್ಡ ಕೂತಳು. ಗಂಡ ಬರುವಷ್ಟರಲ್ಲಿ ಕೂಸಿನ ಉಸಿರು ನಿಂತು ಮೈ ತಣ್ಣಗಾಗಿತ್ತು...

ಅಂದಿನಿಂದ ಸುಗಂಧಾ ಅತ್ತೆಗೆ ಉಣ್ಣಲು ಇಕ್ಕಿದಳು, ಸೀರೆ ಒಗೆದಳು, ಹಾಸಿಗೆ ಹಿಡಿದ ಮೇಲೆ ಮೈ ತೊಳೆದಳು. ಮಾತು ಮಾತ್ರ ಆಡಲಿಲ್ಲ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಕ್ಷಮೆಯ ಪ್ರಾರ್ಥನೆ ಹೇಳುವಾಗ ಅವಳ ತುಟಿ ಅಲುಗುತ್ತಿರಲಿಲ್ಲ. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ಅವಳ ಲೆಕ್ಕ.

ಬೆನ್ನಿಗೆ ಪುಟ್ಟ ಕೈಯೊಂದು ತಾಕಿತು.

“ಅಳಬ್ಯಾಡ ಅವ್ವಾ. ನಾ ಮಾಫ್ ಮಾಡೀನಿ.”

“ನಾ ಇನ್ನಾ ಕೇಳೇ ಇಲ್ಲಲ್ಲ ಮಗಾ...”

“ನಿನ್ನ ಮಾರಿ ಕೇಳ್ತು.” ಸಲೋಮಿ ತಾಯಿಯ ಮುಖ ಸವರಿದಳು. “ಅಜ್ಜಿ ಮಾರೀನೂ ದಿನಾ ಕೇಳ್ತದ. ನೀ ನೋಡಂಗಿಲ್ಲ.”

ಹುಡುಗಿ ತಾಯಿಯ ಸೆರಗು ಹಿಡಿದು ಮಂಚದ ಹತ್ತಿರ ಎಳೆದುಕೊಂಡು ಹೋದಳು. ಮುದುಕಿಯ ಎಡಗೈ ಮತ್ತೆ ಎದೆಯ ಮೇಲೇರುತ್ತಿತ್ತು.

“ತಪ್ಪು ಮಾಡಿದ್ರ ಎರಡೂ ಕೈ ಜೋಡಿಸಂತ ನೀನೇ ಕಲಿಸೀದಿ. ಅಜ್ಜಿಗೆ ಒಂದೇ ಕೈ ಏಳ್ತದ. ಆಕಿ ಹ್ಯಾಂಗ ಜೋಡಿಸಬೇಕು?”

ಹೀಗೆ ಅಂದವಳೇ ಸಲೋಮಿ ತನ್ನ ಅಂಗೈಯನ್ನು ಅಜ್ಜಿಯ ಅಂಗೈಗೆ ಒತ್ತಿ ಹಿಡಿದಳು. ಸುಕ್ಕುಗಟ್ಟಿದ ಒಂದು ಕೈ, ಎಳೆಯದೊಂದು ಕೈ, ಜೋಡಿಯಾಗಿ ಸುಗಂಧಾಳ ಮುಂದೆ ನಿಂತವು!

“ಅತ್ತಿ...” ಸುಗಂಧಾ ಮಂಚಕ್ಕೆ ತಲೆಯಿಟ್ಟಳು. “ನಾ ಸಿಟ್ಟು ಬಿಟ್ಟುಬಿಟ್ಟೀನ್ರಿ... ಇಷ್ಟು ವರ್ಷ ಮೂಕಿ ಆಗಿದ್ದೆ, ನನ್ನನ್ನೂ ಮಾಫ್ ಮಾಡ್ರಿ...”

ಮುದುಕಿಯ ಸೊಟ್ಟ ತುಟಿ ಒದ್ದಾಡಿತು. ಏನೋ ಹೇಳಬೇಕು, ಹೊರಗೆ ಬಾರದು. ಕಣ್ಣೀರು ಕಿವಿಗಿಳಿಯಿತು. ಕೊನೆಗೆ, “ಪ್ರ... ಭು...” ಎಂದಷ್ಟೇ ಉಸಿರಿದಳು.

ದೇವರನ್ನು ಕರೆದಳೋ, ಮೊಮ್ಮಗನನ್ನೋ? ಸುಗಂಧಾ ಕಿವಿಯನ್ನು ತುಟಿಗೆ ಹಚ್ಚಿ ಕೇಳಿದಳು, “ಏನ್ರಿ ಅತ್ತಿ? ಇನ್ನೊಮ್ಮಿ ಅನ್ರಿ...” ಎಂದು ಬೇಡಿದಳು. ಅದಕ್ಕಿಂತ ಹೆಚ್ಚಿನ ಮಾತು ಆ ಬಾಯಿಂದ ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆಯೇ ರಾಹೇಲಬಾಯಿ ತೀರಿಕೊಂಡಳು. ಮಣ್ಣು ಮಾಡಿ ಮರಳುವಾಗ ದಾರಿಯಲ್ಲೇ ಸುಗಂಧಾ ಬಿಕ್ಕಿದಳು.

“ಅಜ್ಜಿ ನಿನ್ನ ಮಾಫ್ ಮಾಡ್ಯಾಳಲ್ಲ ಅವ್ವಾ, ಮತ್ಯಾಕ ಅಳಾಕತ್ತಿ?”

“ಮಾಡ್ಯಾಳ ಮಗಾ. ಆದ್ರ ಆಕಿಗೆ ಬಾಯಿ ಇದ್ದಾಗ ಮನಸಿನಾಗ ಏನದ ಅಂತ ನಾ ಕೇಳಲಿಲ್ಲ... ಈಗ ಏನು ಮಾಡಲಿ ಹೇಳು?”

ಸಲೋಮಿ ತಾಯಿಯ ಬೆರಳು ಹಿಡಿದು, ಅವಳು ನಡೆದಷ್ಟೇ ನಿಧಾನ ನಡೆದಳು.