ಮುಡಿಪಿಗೊಂದು ಸೀಟು

"ಬಟ್ಟೆ ಆಕಿ ಸೀಟು ಇಡಿಯಾಕೆ ಇದೇನು ನಿಮ್ಮಪ್ಪನ ರೈಲಾ?"

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಇನ್ನೂ ಹೊರಟಿರಲಿಲ್ಲ. ಹಾಗೆಂದ ಯುವಕ ಶ್ಯಾಮಲಾಳ ಪಕ್ಕದ ಸೀಟಿನಲ್ಲಿದ್ದ ಹಳದಿ ಬಟ್ಟೆಯನ್ನು ಕೆಳಗೆ ತಳ್ಳಿ ಕೂತೇಬಿಟ್ಟ. ಗಂಟಿನೊಳಗಿನ ನಾಣ್ಯ ಠಣ್ಣೆಂದಿತು.

ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. "ಅದು ಕರ್ಚೀಫಲ್ಲ... ಮುಡಿಪು. ಬಂಗಾರು ತಿರುಪತಿಗೆ."

"ಮಡ್ಲಲ್ಲಿ ಇಟ್ಕಳಿ. ನೈಟ್ ಡ್ಯೂಟಿ ಮುಗಿಸಿ ಬೆಂಗ್ಳೂರಿಂದ ನಿಂತೇ ಬಂದೀವ್ನಿ."

"ಈ ಹಳಿ ಹಾಕಿದ್ದು ಚಿನ್ನದ ಗಣಿಗೆ. ನಮ್ಮಜ್ಜಿಯ ಅಜ್ಜಿ ಇದಕ್ಕೆ ಜಲ್ಲಿ ಹೊತ್ತವಳು. ಅವಳನ್ನ ಮಾತ್ರ ರೈಲು ಹತ್ತಿಸಲಿಲ್ಲವಂತೆ. 'ನನ್ ದೇವ್ರಾದ್ರೂ ಕುಂತ್ಕಂಡು ಓಗ್ಲಿ' ಅಂತ ಹರಕೆ ಹೊತ್ತಳು. ಅವತ್ತಿಂದ ಪ್ರತಿ ಶ್ರಾವಣ ಮುಡಿಪು ಸೀಟಲ್ಲೇ ಹೋಗ್ಬೇಕು."

"ನಮ್ ತಾತ ಅದೇ ಗಣೀಲಿ ಸತ್ತ. ಅವ್ನಿಗ್ಯಾವ ದೇವ್ರು ಜಾಗ ಕೊಟ್ಟ?"

ಅವನು ಏಳಲಿಲ್ಲ.

ಮುಡಿಪನ್ನು ಮನೆಗೆ ವಾಪಸ್ ತಂದಾಗ ಅಜ್ಜಿ ಮುನಿನಾರಾಯಣಮ್ಮ ಮುಖ ತಿರುಗಿಸಿದಳು. "ನೆಲ ಮುಟ್ಟಿದ್ದು ದೇವ್ರಿಗೆ ಸಲ್ಲಲ್ಲ ಕಣಮ್ಮಿ. ಮುಂದಿನ ಶ್ರಾವಣದ ಗಂಟ ಉಸ್ರು ಇಡ್ಕಂಡಿರ್ತೀನಿ."

ಶ್ಯಾಮಲಾ ಪಾಠ ಮಾಡುವ ಶಾಲೆ ಕೆಜಿಎಫ್‌ನಲ್ಲಿ. ದಿನವೂ ಅದೇ ರೈಲು, ಅವನೂ ಅದೇ ಬೋಗಿ. ಅವಳ ಪಕ್ಕ ಜಾಗವಿದ್ದರೂ ಬಾಗಿಲ ಬಳಿಯೇ ನಿಲ್ಲುತ್ತಿದ್ದ.

"ಲೇ ಚಲಪತಿ, ಸೀಟು ಖಾಲಿ ಐತೆ, ಕುಂತ್ಕಳ್ಲಾ," ಎಂದು ಅವನ ಜೊತೆಗಾರನೊಬ್ಬ ಕರೆದ.

"ಬ್ಯಾಡ ಬುಡ್ಲಾ."

ಅಷ್ಟು ಅಸಹ್ಯವೇ ನಾನು? ಅವಳು ಅವನನ್ನು ಎಚ್ಚರದಿಂದ, ದಿನಾ ದ್ವೇಷಿಸಿದಳು. ಕಾಲರ್ ಹರಿದದ್ದು, ಹೊಸ ಚಪ್ಪಲಿ, ಬಾರದ ದಿನ... ಎಲ್ಲವೂ ಅವಳಿಗೆ ಗೊತ್ತು. ದ್ವೇಷಿಸುವುದಕ್ಕೂ ಇಷ್ಟೊಂದು ನೋಡಬೇಕೇ?

ಮತ್ತೆ ಶ್ರಾವಣ ಶನಿವಾರ. ಹಾಸಿಗೆ ಹಿಡಿದ ಅಜ್ಜಿ ಮಲಗಿಕೊಂಡೇ ಮುಡಿಪು ಕಟ್ಟಿದ್ದಳು. ಪ್ಲಾಟ್‌ಫಾರ್ಮಿನ ತುಂಬ ಭಕ್ತರು. ಇವತ್ತೂ ಸೀಟು ಸಿಗದಿದ್ದರೆ?

ಬೋಗಿಯೊಳಗೆ ಜಗಳ ನಡೆದಿತ್ತು.

"ಖಾಲಿ ಸೀಟಿಗೆ ಕಾವಲು ಬೇರೆ! ಸರಿಯಯ್ಯಾ ಆ ಕಡೆ."

"ಒಡೀರಿ ಬೇಕಾದ್ರೆ. ಯಾರೂ ಕೂರಂಗಿಲ್ಲ."

ಚಲಪತಿ! ಅಂಗಿಯ ಜೇಬು ಕಿತ್ತುಹೋಗಿತ್ತು. ಕಿಟಕಿ ಪಕ್ಕದ ಸೀಟಿಗೆ ಎರಡೂ ಕೈ ಅಡ್ಡ ಹಿಡಿದಿದ್ದ. ಅವಳನ್ನು ಕಂಡದ್ದೇ ಕೈ ತೆಗೆದ.

ಅವಳು ಮುಡಿಪನ್ನು ಕೂರಿಸಿದಳು.

"ವರ್ಷವಿಡೀ ನನ್ನ ಪಕ್ಕ ಕೂರಲಿಲ್ಲ. ಅಷ್ಟು ಕೋಪಾನಾ?"

"ನಿಮ್ ಮ್ಯಾಲಲ್ಲ. ದೇವ್ರನ್ನ ಕೆಳಕ್ಕಾಕಿದೋನು... ಯಾವ ಮಕ ಇಟ್ಕಂಡು ಕೂರ್ಲಿ?"

"ಈ ಸೀಟು ಯಾರಿಗೆ ಹಿಡಿದ್ರಿ?"

"ನಿಮ್ಮಜ್ಜಿಯ ಅಜ್ಜಿಗೆ."

"ನನಗೆ?"

"ನಿಮ್ಗಿಲ್ಲ." ಅವನು ಕಂಬಿಯ ಬಳಿ ತುಸು ಸರಿದ. "ನನ್ ಜೊತೆ ನಿಂತ್ಕಳಿ."

"ಎಲ್ಲೀವರೆಗೆ?"

"ನೀವು ಬ್ಯಾಡ ಅನ್ನೋಗಂಟ."

"ಹಂಗಾದ್ರೆ ಜನ್ಮವಿಡೀ ಕಾಲು ನೋಯುತ್ತೆ, ನೋಡಿ," ಎಂದಳು ಶ್ಯಾಮಲಾ, ಅದೇ ಕಂಬಿ ಹಿಡಿದು.