ಹಣೆಯ ಮೇಲೆ ಮೂರು ಬೆರಳು

ಟಿಣ್... ಟಿಣ್...

ಬಳೆ ಬಾಗಿಲಿನ ಮರಕ್ಕೆ ತಾಗಿದ ಸದ್ದು. ಗಂಗಾಂಬಿಕೆ ಕಣ್ಣು ಬಿಟ್ಟಳು. ಗುಬ್ಬಿಯ ಆ ಬೀದಿಯಲ್ಲಿ ನಾಯಿಗಳೂ ಮಲಗಿದ್ದ ಹೊತ್ತು. ಇಷ್ಟು ಮೆಲ್ಲಗೆ ಬಾಗಿಲು ಬಡಿಯುವವಳು ಈ ಮನೆಯಲ್ಲಿ ಒಬ್ಬಳೇ. ಹುಟ್ಟಿನಿಂದ ಕಿವಿ ಕೇಳಿಸದ ಸೊಸೆ ಸುಮನಾಳಿಗೆ, ಇನ್ನೊಬ್ಬರನ್ನು ಎಬ್ಬಿಸಲು ಸದ್ದು ಎಷ್ಟು ದೊಡ್ಡದಿರಬೇಕೆಂಬ ಅಂದಾಜೇ ಇರಲಿಲ್ಲ.

ಬಾಗಿಲು ತೆಗೆದರೆ, ತುಂಬಿದ ಹೊಟ್ಟೆಯ ಮೇಲೆ ಒಂದು ಅಂಗೈ ಇಟ್ಟುಕೊಂಡು ಅವಳು ನಿಂತಿದ್ದಳು. ಇನ್ನೊಂದು ಕೈಯ ಬೆರಳುಗಳನ್ನು ಮೀನಿನಂತೆ ಆಡಿಸಿದಳು. ಆಮೇಲೆ ಆ ಬೆರಳುಗಳು ನಿಧಾನವಾಗಿ ಮಡಚಿ ಮುಷ್ಟಿಯಾದವು. ಹಾಗೇ ನಿಂತವು. ಕಣ್ಣಲ್ಲಿ ನೀರು.

ಮುಷ್ಟಿ ಕಂಡು ಗಂಗಾಂಬಿಕೆಗೆ ಅರ್ಥವಾಯಿತು, ಅಂದರೆ ಅರ್ಥವಾಯಿತೆಂದುಕೊಂಡಳು. ಹೊಟ್ಟೆ ಹಿಂಡುತ್ತಿದೆ. ಗ್ಯಾಸು. ಓಂಕಾಳಿನ ಕಷಾಯ ಕಾಯಿಸಿ ಕೊಟ್ಟಳು. ಸುಮನಾ ಅಲ್ಲವೆಂದು ತಲೆಯಾಡಿಸಿ ಲೋಟ ಪಕ್ಕಕ್ಕಿಟ್ಟಳು. ಮತ್ತೆ ಅದೇ ಬೆರಳು, ಅದೇ ಮುಷ್ಟಿ... ಕುಣಿಗಲ್ಲಿನ ವಿದ್ಯುತ್ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿಯಲ್ಲಿದ್ದ ಗಂಡ ಬಸವಪ್ರಭುವಿಗೆ ಸುಮನಾ ಆಗಲೇ ಕೈಸನ್ನೆಯ ವಿಡಿಯೋ ಮೆಸೇಜು ಹಾಕಿದ್ದಳು. ಮರುದಿನ ಮಧ್ಯಾಹ್ನ ಆ ಜೋಡಿ ಪಾಳಿ ಮುಗಿಯುವವರೆಗೆ ಅವನು ಫೋನು ನೋಡುವಂತಿರಲಿಲ್ಲ.

ಮದುವೆಯಾದಂದಿನಿಂದ ಸುಮನಾಳ ಬಾಯಿ ಗಂಗಾಂಬಿಕೆಯೇ. ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಡಾಕ್ಟರ ಮುಂದೆ, ಎಲ್ಲ ಕಡೆ ಅವಳೇ ಉತ್ತರ ಹೇಳುತ್ತಿದ್ದಳು. ಮಗ ಮಾತ್ರ ಹೆಂಡತಿಗಾಗಿ ಆ ಕೈಭಾಷೆಯನ್ನು ಕಲಿತಿದ್ದ. ಊಟದ ಹೊತ್ತಿನಲ್ಲಿ ಅವರಿಬ್ಬರ ಕೈಗಳು ನಗುತ್ತಾ ಹಾರಾಡುವಾಗ, ಹೆತ್ತವಳು ತನ್ನ ಮನೆಯಲ್ಲೇ ಪರದೇಶಿಯಂತೆ ಸಾರು ಬಡಿಸುತ್ತಿದ್ದಳು. ಅದಕ್ಕಿಂತ ಚುಚ್ಚುತ್ತಿದ್ದುದು ಇನ್ನೊಂದು. ಶಾಲೆಯ ಗೆಳತಿಯರೊಂದಿಗೆ ವಿಡಿಯೋ ಕಾಲಿನಲ್ಲಿ ಮಾತಾಡುವಾಗ ಸುಮನಾ ಆಗಾಗ ಮೂರು ಬೆರಳನ್ನು ಹಣೆಯ ಮೇಲೆ ಅಡ್ಡ ಎಳೆಯುತ್ತಿದ್ದಳು. ಗೆಳತಿಯರು ನಗುತ್ತಿದ್ದರು. ಎರಡು ಹೊತ್ತೂ ತಪ್ಪದೆ ಧರಿಸುವ ತನ್ನ ವಿಭೂತಿಯನ್ನು ಈ ಮೂಗಿ ಆಡಿಕೊಳ್ಳುತ್ತಾಳೆ! ಮಗನಿಗೂ ಹೇಳದೆ ಆ ಕಹಿಯನ್ನು ಅವಳು ನುಂಗಿಕೊಂಡೇ ಬಂದಿದ್ದಳು.

ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಗಂಗಾಂಬಿಕೆ ಮಾತ್ರೆ ಅಂಗಡಿಯ ಕಡೆ ಹೋಗಿದ್ದಾಗ ಕಾಂಪೌಂಡರು ಸುಮನಾಳ ಹೆಸರು ಕೂಗಿ, ಯಾರೂ ಏಳದ್ದರಿಂದ ಮುಂದಿನವರನ್ನು ಒಳಗೆ ಕಳಿಸಿದ್ದ. ಕಡೆಗೆ ಸರದಿ ಬಂದಾಗ ಡಾಕ್ಟರು ತಲೆಯೆತ್ತದೆ ಕೇಳಿದರು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಎಲ್ಲಿ ನೋವು... ಎಲ್ಲದಕ್ಕೂ ಗಂಗಾಂಬಿಕೆಯೇ ಉತ್ತರಿಸಿದಳು. ಸುಮನಾ ಮೇಜಿನ ಮೇಲೆ ಬಾಗಿ, ಅವರ ಕಣ್ಣ ಮುಂದೆಯೇ ಬೆರಳಾಡಿಸಿ ಮುಷ್ಟಿ ಮಾಡಿ ತೋರಿಸಿದಳು. ಡಾಕ್ಟರು ಗಾಬರಿಯಿಂದ ಹಿಂದೆ ಸರಿದರು. ಹೊರಗಿನವರೆಲ್ಲ ಇಣುಕುತ್ತಿದ್ದರು. ಗಂಗಾಂಬಿಕೆಗೆ ಅವಮಾನದಿಂದ ಮೈ ಉರಿಯಿತು.

"ಸುಮ್ನಿರೇ, ಮಾನ ತೆಗೀಬೇಡ" ಎಂದು ಸೊಸೆಯ ಎರಡೂ ಮುಂಗೈಗಳನ್ನು ಹಿಡಿದು ಮಡಿಲಿಗೆ ಒತ್ತಿದಳು.

ಗ್ಯಾಸಿನ ಮಾತ್ರೆ ಬರೆಸಿಕೊಂಡು ಹೊರಬಂದರೆ, ಸುಮನಾ ಮನೆಯ ದಾರಿ ಹಿಡಿಯಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆದಳು. ತುಮಕೂರಿನ ಬಸ್ಸು ಹತ್ತಿಯೇಬಿಟ್ಟಳು. "ಎಲ್ಗೇ ಹೋಗ್ತೀಯ? ಇಳಿಯೇ!" ಎಂದು ಕೂಗಿದ್ದು ಯಾರಿಗೆ ಕೇಳಬೇಕು? ಹಲ್ಲು ಕಚ್ಚಿಕೊಂಡು ಗಂಗಾಂಬಿಕೆಯೂ ಹತ್ತಿದಳು. ದಾರಿಯುದ್ದಕ್ಕೂ ಮುಖ ತಿರುಗಿಸಿಯೇ ಕುಳಿತಿದ್ದಳು.

ಸುಮನಾಳ ಗೆಳತಿಯೊಬ್ಬಳ ಹೆರಿಗೆಯಾಗಿದ್ದ ಆಸ್ಪತ್ರೆಯಂತೆ ಅದು, ತುಮಕೂರಿನ ಸದಾಶಿವನಗರದಲ್ಲಿ. ಬಾಗಿಲಲ್ಲಿ ಮೆಟ್ಟಿಲಿಗೆ ಬದಲು ಇಳಿಜಾರಿನ ದಾರಿ. ಒಳಗೆ ಯಾರ ಹೆಸರನ್ನೂ ಯಾರೂ ಕೂಗುತ್ತಿರಲಿಲ್ಲ. ಗೋಡೆಯ ಮೇಲೆ ಕೆಂಪು ದೀಪದಲ್ಲಿ ನಂಬರು ಮೂಡುತ್ತಿತ್ತು. ಸುಮನಾಳ ನಂಬರು ಮೂಡಿತು. ಅತ್ತೆಯ ಕಡೆ ನೋಡದೆ ಅವಳೇ ಎದ್ದು ನಡೆದಳು. ಹಿಂದೆಯೇ ಹೋದ ಗಂಗಾಂಬಿಕೆಯನ್ನು ಡಾಕ್ಟರ್ ಮಾನಸಾ ಬಾಗಿಲಲ್ಲೇ ನಿಲ್ಲಿಸಿದರು.

"ನೀವು ಹೊರಗಡೆ ಕೂತಿರಿ ಅಮ್ಮ."

"ಅವ್ಳಿಗೆ ಮಾತು ಬರಲ್ಲ ಡಾಕ್ಟ್ರೇ, ನಾನಿಲ್ದೆ ಹೆಂಗೆ ಹೇಳ್ತಾಳೆ?"

"ಬರುತ್ತೆ. ನಮಗೆ ಬರಲ್ಲ ಅಷ್ಟೆ."

ಬಾಗಿಲಿನ ಗಾಜಿನಲ್ಲಿ ಗಂಗಾಂಬಿಕೆ ನೋಡಿದಳು. ಮೇಜಿನ ಮೇಲಿದ್ದ ಪರದೆಯಲ್ಲಿ ಯಾವುದೋ ಊರಿನಿಂದ ಒಬ್ಬ ಹುಡುಗಿ ಕೈಯಾಡಿಸಿ ನಮಸ್ಕರಿಸಿದಳು. ಅಷ್ಟೇ... ಸುಮನಾಳ ಕೈಗಳು ಎದ್ದವು. ಅಯ್ಯೋ, ಅದೇನು ಮಾತು! ಏರಿ ಒಡೆದ ಕೆರೆಯ ಹಾಗೆ. ಬೆರಳು, ಮುಂಗೈ, ಹುಬ್ಬು, ಭುಜ, ಎಲ್ಲವೂ ಮಾತಾಡುತ್ತಿದ್ದವು. ಪರದೆಯ ಹುಡುಗಿಯ ತುಟಿ ಅದನ್ನೆಲ್ಲ ಕನ್ನಡ ಮಾಡಿ ಡಾಕ್ಟರಿಗೆ ಹೇಳುತ್ತಿತ್ತು. ಒಂದೇ ಸೂರಿನಡಿ ಇಷ್ಟು ಕಾಲ ಬಾಳಿದ ಈ ಹುಡುಗಿಯೊಳಗೆ ಇಷ್ಟೊಂದು ಮಾತಿತ್ತೇ? ಊಟ, ನೀರು, ಬಾ, ಹೋಗು... ತಾನು ಅವಳಿಗೆ ಇಷ್ಟೇ ಉಳಿಸಿದ್ದೆನೇ? ಗಂಗಾಂಬಿಕೆಯ ಉಸಿರಿನಿಂದ ಗಾಜು ಮಂಜಾಯಿತು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

ಆಗ ಸುಮನಾಳ ಮೂರು ಬೆರಳು ಹಣೆಯ ಮೇಲೆ ಅಡ್ಡ ಹರಿದವು. ಮತ್ತೊಮ್ಮೆ... ಮತ್ತೂ ಒಮ್ಮೆ. ಕಷಾಯ, ಕ್ಲಿನಿಕ್ಕು, ಹಿಡಿದ ಕೈ, ಎಲ್ಲವನ್ನೂ ಹೇಳುತ್ತಿದ್ದಾಳೆ. ಹೇಳಲಿ. ಸುಳ್ಳೇನಲ್ಲವಲ್ಲ.

ಡಾಕ್ಟರು ಸ್ಕ್ಯಾನ್ ಮಾಡಿದವರೇ ಓಡುತ್ತಾ ಹೊರಬಂದರು. ನರ್ಸುಗಳು ಸ್ಟ್ರೆಚರ್ ತಂದರು. ಮಗುವಿನ ಮಿಸುಕಾಟ ಕಡಿಮೆಯಾಗುತ್ತಾ ಬಂದಿದೆ, ಕಾಯುವಂತಿಲ್ಲ, ಈಗಲೇ ಆಪರೇಷನ್ ಎಂದರು. ಮಿಸುಕಾಟ... ಮೀನಿನಂತಾಡಿದ ಬೆರಳು, ನಿಂತುಹೋದ ಮುಷ್ಟಿ! ಹಿಂಡುತ್ತಿದೆ ಎಂದಲ್ಲ, ನಿಲ್ಲುತ್ತಿದೆ ಎಂದು. ಜಗತ್ತಿನ ಒಂದು ಸದ್ದೂ ಕೇಳದವಳು ರಾತ್ರಿಯಿಡೀ ಅಂಗೈಯಲ್ಲಿ ಮಗುವನ್ನು ಆಲಿಸುತ್ತಾ ಕುಳಿತಿದ್ದಳು. ಎರಡು ಕಿವಿಯಿದ್ದವಳಿಗೆ ಅದು ಕೇಳಿರಲಿಲ್ಲ. ಗಂಗಾಂಬಿಕೆ ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದು ಆಪರೇಷನ್ ಕೋಣೆಯ ಎದುರು ನೆಲದ ಮೇಲೆ ಕುಸಿದಳು.

ಹೆಣ್ಣು ಮಗು. ಸಣ್ಣದು, ಆದರೆ ಜೋರಾಗಿ ಅತ್ತಿತು. ನರ್ಸು ತಂದು ಮಗ್ಗುಲಲ್ಲಿ ಮಲಗಿಸಿದಾಗ ಸುಮನಾ ಆ ಪುಟ್ಟ ಎದೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದಳು. ಮಗಳ ಅಳುವನ್ನು ಅವಳು ಹಾಗೆ ಕೇಳಿಸಿಕೊಂಡಳು. ಗಂಗಾಂಬಿಕೆಗೆ ಕೈಮುಗಿಯಬೇಕೆನಿಸಿತು.

ಸಂಜೆ ಔಷಧಿ ವಿವರಿಸಲು ಮಾನಸಾ ಆ ಪರದೆಯನ್ನು ವಾರ್ಡಿಗೇ ತಂದರು. ಹೋಗುವಾಗ, "ನಿಮ್ಮಂಥ ಅತ್ತೆ ಎಲ್ಲರಿಗೂ ಸಿಗಲ್ಲ. ರಾತ್ರಿಯೇ ಎದ್ದು ನೋಡಿ, ಧೈರ್ಯ ಹೇಳಿ, ಇಲ್ಲಿಗೆ ಕರ್ಕೊಂಡು ಬಂದಿದ್ದು ನೀವೇ ಅಂತ ಸುಮನಾ ಹೇಳಿದ್ರು" ಎಂದರು.

ಗಂಗಾಂಬಿಕೆ ತತ್ತರಿಸಿದಳು. ಡಾಕ್ಟರು ಹೋದ ಮೇಲೆ ಪರದೆಯ ಹುಡುಗಿಯತ್ತ ಬಾಗಿ, ಮೂರು ಬೆರಳನ್ನು ಹಣೆಗೆ ಎಳೆದು, ಇದಕ್ಕೇನರ್ಥ, ಇದು ತನ್ನನ್ನು ಆಡಿಕೊಳ್ಳುವುದೇ ಎಂದು ಕೇಳಿದಳು.

ಹುಡುಗಿ ಸುಮನಾಳತ್ತ ನೋಡಿದಳು. ಸುಮನಾ ಹೇಳೆಂದು ತಲೆಯಾಡಿಸಿದ ಮೇಲೆ ನಕ್ಕಳು. "ಅದು ನಿಮ್ಮ ಹೆಸರು ಅಮ್ಮ. ನಮ್ಮ ಭಾಷೆಲಿ ಒಬ್ಬರನ್ನ ನೆನೆಸ್ಕೊಂಡ ತಕ್ಷಣ ಕಣ್ಣಿಗೆ ಏನು ಬರುತ್ತೋ ಅದೇ ಹೆಸರಾಗುತ್ತೆ."

ಪರದೆ ಆರಿತು. ಗಂಗಾಂಬಿಕೆ ಸೊಸೆಯ ಮಂಚದ ಬಳಿ ಬಂದಳು. ಮೂರು ಬೆರಳನ್ನು ಹಣೆಯ ಮೇಲೆ ಎಳೆದುಕೊಂಡಳು. ನಾನು. ಆಮೇಲೆ ತನ್ನ ಒಂದು ಮುಂಗೈಯನ್ನು ಇನ್ನೊಂದು ಕೈಯಿಂದ ಬಲವಾಗಿ ಹಿಡಿದು ತೋರಿಸಿದಳು. ಕ್ಷಮಿಸು ಎನ್ನುವ ಸನ್ನೆ ಅವಳಿಗೆ ಬರುತ್ತಿರಲಿಲ್ಲ, ಕಣ್ಣೀರು ಬಂತು. ಸುಮನಾ ಬಹಳ ಹೊತ್ತು ನೋಡಿದಳು. ಮರೆತೆ ಎಂಬ ನೋಟವಲ್ಲ ಅದು. ನಂತರ ಕೈ ಚಾಚಿ, ಅತ್ತೆಯ ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿ, ತನ್ನ ತುಟಿಯ ಮೇಲೆ ಬೆರಳಿಟ್ಟಳು.

ಅಷ್ಟರಲ್ಲಿ ಕುಣಿಗಲ್ಲಿನಿಂದ ಓಡೋಡಿ ಬಂದ ಬಸವಪ್ರಭು, ಹೆಂಡತಿಯನ್ನೂ ಮಗುವನ್ನೂ ಮುಟ್ಟಿ ನೋಡಿ, ತಾಯಿಯ ಕಾಲ ಬಳಿ ಕುಕ್ಕರಿಸಿದ.

"ಅವ್ವ, ಡಾಕ್ಟ್ರು ಎಲ್ಲಾ ಹೇಳಿದ್ರು. ನೀನಿಲ್ದೆ ಇದ್ದಿದ್ರೆ..."

ಇಲ್ಲ ಕಣೋ ಎನ್ನಲು ಗಂಗಾಂಬಿಕೆಯ ತುಟಿ ತೆರೆಯಿತು. ಸುಮನಾಳ ಬೆರಳು ಇನ್ನೂ ತನ್ನ ತುಟಿಯ ಮೇಲೇ ಇತ್ತು. ಕೇಳದೆಯೇ ಇಷ್ಟು ಕಾಲ ಅವಳ ಪರವಾಗಿ ಮಾತಾಡಿದ್ದವಳು, ಮೊದಲ ಸಲ ಅವಳು ಹೇಳಿದ್ದನ್ನು ಕೇಳಿದಳು. ಬಾಯಿ ಮುಚ್ಚಿದಳು. ಇನ್ನು ಬೀದಿಯವರು ಹೊಗಳುತ್ತಾರೆ, ನೆಂಟರು ಹೊಗಳುತ್ತಾರೆ, ಬೆಳೆದ ಮೇಲೆ ಈ ಮಗುವೂ ಹೊಗಳೀತು. ಪ್ರತಿ ಸಲವೂ ಎದೆಯಲ್ಲಿ ಮುಳ್ಳು ಆಡುತ್ತದೆ. ಆಡಲಿ. ಅಂಗೈಯ ಲಿಂಗಕ್ಕೆ ಹೇಳಬೇಕಾಗಿಲ್ಲ, ಅದಕ್ಕೆ ಗೊತ್ತು. ಮಿಕ್ಕ ಯಾರಿಗೂ, ಎಂದಿಗೂ ಹೇಳುವುದಿಲ್ಲ ಎಂದುಕೊಂಡು ಅವಳು ಮಗುವಿನ ಎದೆಯ ಮೇಲೆ ಮೆಲ್ಲಗೆ ಅಂಗೈಯಿಟ್ಟಳು.