ಯುಲ್ದಾಶನ ಪಾಲಿನ ರೊಟ್ಟಿ

"ಆ ಮೊಳೆ ಹತ್ರ ಕೈ ಹಾಕ್ಬೇಡ ಕಣಪ್ಪ," ಅಂದಳು ಪಕ್ಕದ ಮನೆಯ ಮುದುಕಿ ಅಂಬರ್. "ಮನೆ ನಿಂದು, ಗೋಡೆ ನಿಂದು. ಆ ರೊಟ್ಟಿ ಮಾತ್ರ ನಿಂದಲ್ಲ."

ಬಹ್ರಾಮ್ ನಕ್ಕುಬಿಟ್ಟ. ನಗುವುದು, ನಗಿಸುವುದು ಅವನ ಹೊಟ್ಟೆಪಾಡಾಗಿತ್ತು. ತಾಷ್ಕೆಂಟಿನ ಮದುವೆ ಛತ್ರಗಳಲ್ಲಿ ವರ್ಷಗಟ್ಟಲೆ ಮೈಕು ಹಿಡಿದು ನಿಂತವನು. ಬೀಗರನ್ನು ಗೇಲಿ ಮಾಡಿ, ಮದುಮಗನ ಅಜ್ಜಿಯನ್ನೂ ಎಬ್ಬಿಸಿ ಕುಣಿಸಿ, ಜನ ಹೊಟ್ಟೆ ಹಿಡಿದುಕೊಳ್ಳುವ ಹಾಗೆ ಮಾಡುತ್ತಿದ್ದ. ಎದೆನೋವು ಬಂದು ಡಾಕ್ಟರು "ಸಾಕು ಮಾಡಪ್ಪ" ಅಂದ ಮೇಲೆ, ಐವತ್ತರ ಹೊಸ್ತಿಲಲ್ಲಿ, ಪಟ್ಟಣದ ಮನೆ ಮಾರಿ ಹೆಂಡತಿ ಮುಯಸ್ಸರಳನ್ನು ಕಟ್ಟಿಕೊಂಡು ನಮ್ಮ ಖ್ವಾರೆಜ್ಮಿನ ಬಯಲಿಗೆ ಬಂದಿದ್ದ. ಕರಬೂಜ ಬೆಳೆಯುತ್ತಾನಂತೆ. ನಮ್ಮ ನೆಲ ನೋಡಿ ಅವನು ಆಡಿದ ಮೊದಲ ಮಾತು, "ಇಲ್ಲಿ ನಾಳೆ ಬರೋ ನೆಂಟ ಇವತ್ತೇ ಕಾಣಿಸ್ತಾನಲ್ಲ!" ನಾವೂ ನಕ್ಕಿದ್ದೆವು, ಸುಳ್ಳು ಯಾಕೆ ಹೇಳಲಿ. ಒಂದು ದಿಬ್ಬವಿಲ್ಲ, ಒಂದು ಬಂಡೆಯಿಲ್ಲ. ಹತ್ತಿಯ ಹೊಲ, ಕಾಲುವೆ, ಉಪ್ಪು ಹೊಮ್ಮಿ ಬೆಳ್ಳಗಾದ ಬದು, ಅಷ್ಟೇ ನಮ್ಮೂರು.

ಮನೆ ಬೀಕಾಜಾನ್ ಎಂಬ ಹೆಂಗಸಿನದು. ಅವಳು ಸತ್ತ ಮೇಲೆ ಪಾಳುಬಿದ್ದಿತ್ತು. ನಡುಮನೆಯ ಗೋಡೆಯಲ್ಲಿ, ಬಾಗಿಲಿಗೆ ಎದುರಾಗಿ, ಒಂದು ಮೊಳೆ. ಮೊಳೆಗೆ ಬಟ್ಟೆಯ ಜೋಲಿ. ಜೋಲಿಯೊಳಗೆ ತಂದೂರಿನಲ್ಲಿ ಸುಟ್ಟ ಒಂದು ದುಂಡು ರೊಟ್ಟಿ, ಕಲ್ಲಾಗಿ ಹೋದದ್ದು. ಅದರ ಅಂಚಿನಲ್ಲಿ ಒಂದು ಬಾಯಿ ಕಚ್ಚಿದ ಗುರುತು.

ಇದರ ಅರ್ಥ ಬಹ್ರಾಮನಿಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ದೂರ ಹೊರಟವನು ಹೊಸ್ತಿಲಲ್ಲಿ ನಿಂತು ರೊಟ್ಟಿಯನ್ನು ಒಮ್ಮೆ ಕಚ್ಚಿ ಹೋಗುತ್ತಾನೆ. ಉಳಿದದ್ದನ್ನು ಮನೆಯವರು ತೂಗುಹಾಕುತ್ತಾರೆ. ಅವನು ತಿರುಗಿ ಬಂದು ಅದನ್ನು ತಿಂದು ಮುಗಿಸಬೇಕು. ಸೈನ್ಯಕ್ಕೆ ಹೋಗುವಾಗ ಇವನೂ ಕಚ್ಚಿದ್ದ, ಬಂದು ಚಹಾದಲ್ಲಿ ನೆನೆಸಿಕೊಂಡು ತಿಂದಿದ್ದ. ಅವನ ತಾಯಿ ಅದನ್ನು ನೋಡುತ್ತ ಅತ್ತಿದ್ದಳು.

"ಯಾರದಜ್ಜಿ ಇದು?"

"ಬೀಕಾಜಾನ್ ಮಗ ಯುಲ್ದಾಶಂದು. ಕಾಬೂಲಿನ ಯುದ್ಧಕ್ಕೆ ಹೋದ. ತಗಡಿನ ಪೆಟ್ಟಿಗೇಲಿ ಬಂದ. ಬೆಸುಗೆ ಹಾಕಿಬಿಟ್ಟಿದ್ರು, ಬಿಚ್ಚೋ ಹಾಗಿಲ್ಲ ಅಂದ್ರು." ಮುದುಕಿ ದನಿ ತಗ್ಗಿಸಿದಳು. "ಇದರೊಳಗೆ ನನ್ನ ಮಗ ಇಲ್ಲ ಅಂತ ಅವಳು ಹಟ ಹಿಡಿದಳು. ಹೂಳೋ ಮುಂಚಿನ ನಮಾಜು ಓದೋಕೆ ಬಿಡಲಿಲ್ಲ. ಅವಳಿಗೆ ಮೊದಲೇ ಮಾಟದ ಕೈ ಇತ್ತು. ಕರೀ ಹೇಂಟೆ ಕುಯ್ದು ಅದರ ರಕ್ತ ರೊಟ್ಟಿಗೆ ಬಳಿದಳು. ನಾನೇ ಕಣ್ಣಾರೆ ಕಂಡೆ. 'ಇದು ನನ್ನ ಮಗನ ಪಾಲು. ಯಾರು ಬಾಯಿಗಿಟ್ಟರೆ ಅವರ ಬಾಯೊಳಗಿಂದಲೇ ಅವನು ಕಿತ್ತುಕೊಳ್ಳಲಿ' ಅಂದಳು."

"ಹಲ್ಲಿನ ಡಾಕ್ಟರಿಗೆ ಒಳ್ಳೇ ವ್ಯಾಪಾರ," ಅಂದ ಬಹ್ರಾಮ್.

ಮುದುಕಿ ಎದ್ದು ಹೋದಳು.

ಹೊಸ ಮನೆಯ ಊಟಕ್ಕೆ ಊರನ್ನೇ ಕರೆದಿದ್ದ. ದೊಡ್ಡ ಕಡಾಯಿಯಲ್ಲಿ ಕುರಿಮಾಂಸದ ಪಲಾವು, ಹತ್ತಿಬೀಜದ ಎಣ್ಣೆಯ ಘಮ ರಸ್ತೆಯವರೆಗೆ. ಆದರೆ ನಡುಮನೆಗೆ ಒಬ್ಬರೂ ಕಾಲಿಡಲಿಲ್ಲ. ಬಿಸಿಲಿನಲ್ಲೇ ಅಂಗಳದಲ್ಲಿ ಕೂತರು. ಟ್ರಾಕ್ಟರ್ ರಜಬನಂತೂ ಆ ನಡುಮನೆಯ ಹೊರಗೋಡೆಗೂ ಬೆನ್ನು ಆನಿಸಲಿಲ್ಲ.

ತಾನು ಕರೆದರೂ ಒಳಗೆ ಬರಲ್ಲ ಅಂದರೇನು? ಬಹ್ರಾಮನಿಗೆ ಉರಿದುಹೋಯಿತು. ಸಭೆ ತನ್ನ ಕೈ ತಪ್ಪುವುದನ್ನು ಅವನು ಎಂದೂ ಸಹಿಸಿದವನಲ್ಲ. ಒಳಗೆ ಹೋದ. ಜೋಲಿ ಕಿತ್ತುಕೊಂಡು ಹೊರಗೆ ಬಂದ. ಹಳೆಯ ಮೈಕಿನ ದನಿ ತೆಗೆದ.

"ಮಹನೀಯರೇ, ಮಹಿಳೆಯರೇ! ಇವತ್ತಿನ ಮುಖ್ಯ ಅತಿಥಿ! ನಮ್ಮೆಲ್ಲರಿಗಿಂತ ಗಟ್ಟಿ ಆಸಾಮಿ! ಸ್ವಲ್ಪ ನೆನೆಸಬೇಕು, ಅಷ್ಟೇ!"

"ಅಣ್ಣ, ಬೇಡ ಅಣ್ಣ," ಅಂದ ರಜಬ್. "ನಿನ್ನ ಕಾಲಿಗೆ ಬೀಳ್ತೀನಿ."

ಬಹ್ರಾಮ್ ಅದನ್ನು ಮೆಟ್ಟಿಲಿಗೆ ಕುಟ್ಟಿ ಮುರಿದ. ಒಂದು ಚೂರನ್ನು ಹಸಿರು ಚಹಾದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿ ಜಗಿದ. ಯಾರೂ ನಗಲಿಲ್ಲ. ಯಾರೂ ನಗದಿದ್ದರೆ ಇನ್ನೂ ಮುಂದೆ ಹೋಗುವುದು ಅವನ ಚಾಳಿ. ಪಕ್ಕದಲ್ಲಿ ನಿಂತಿದ್ದ ಮುಯಸ್ಸರಳ ಗಲ್ಲ ಹಿಡಿದು, ಮದುವೆಯಲ್ಲಿ ಮದುಮಗಳಿಗೆ ತಿನ್ನಿಸುವ ಹಾಗೆ, ಇನ್ನೊಂದು ಚೂರನ್ನು ಅವಳ ಬಾಯಿಗೆ ತುರುಕಿದ.

ಅವಳ ಕಣ್ಣು ಅಗಲವಾದವು. ತುಕ್ಕಿನ ರುಚಿ, ರಕ್ತದ ರುಚಿ. ಉಗುಳಿಬಿಡಬಹುದಿತ್ತು. ಆದರೆ ನಮ್ಮಲ್ಲಿ ಬಾಯಿಗೆ ಬಂದ ರೊಟ್ಟಿಯನ್ನು ಯಾರು ಉಗುಳುತ್ತಾರೆ? ಬೀದಿಯಲ್ಲಿ ಚೂರು ಬಿದ್ದಿದ್ದರೂ ಎತ್ತಿ ಕಣ್ಣಿಗೊತ್ತಿಕೊಂಡು ಗೋಡೆಯ ಮೇಲಿಡುವ ಜನ ನಾವು. ಮುಯಸ್ಸರ್ ಎಲ್ಲರೆದುರು ನುಂಗಿದಳು. ಜನ ತಟ್ಟೆ ಬಿಟ್ಟು ಎದ್ದರು. ಪಲಾವು ಅಂಗಳದಲ್ಲೇ ಆರಿತು.

ಮರುದಿನ ಬೆಳಿಗ್ಗೆ ಅವರ ಮನೆಯ ನಾಯಿ ಸತ್ತಿತ್ತು. ಮೆಟ್ಟಿಲಲ್ಲಿ ಉದುರಿದ ಚೂರುಗಳನ್ನು ನೆಕ್ಕಿದ್ದು ಅದೇ. ಅದರ ಮೇಲ್ದವಡೆ ಒಂದು ಕಡೆ, ಕೆಳದವಡೆ ಇನ್ನೊಂದು ಕಡೆ. ನಡುವೆ ಗಂಟಲಿನವರೆಗೂ ಸೀಳು. ಹೊಟ್ಟೆ ಹಾಗೇ ಇತ್ತು, ಕಾಲು ಹಾಗೇ ಇದ್ದವು. ನೊಣ ಗುಂಯ್‌ಗುಟ್ಟುತ್ತಿದ್ದವು.

"ನರಿ," ಅಂದ ಬಹ್ರಾಮ್.

"ನರಿ ಕೈಯಲ್ಲಿ ಹಿಡಿದು ಹರಿಯುತ್ತೇನ್ರೀ?" ಅಂದಳು ಮುಯಸ್ಸರ್.

ಅವಳ ಗಲ್ಲದ ಎರಡೂ ಬದಿಯಲ್ಲಿ ನೀಲಿ ಗುರುತುಗಳಿದ್ದವು. ಒಂದು ಕಡೆ ಹೆಬ್ಬೆರಳು, ಒಂದು ಕಡೆ ಉಳಿದ ಬೆರಳು. ಯಾರೋ ಅವಳ ಬಾಯಿ ಬಿಡಿಸಿ ನೋಡಿದ್ದರು. ಬಹ್ರಾಮ್ ತನ್ನ ಕೈಯನ್ನು ಆ ಗುರುತಿಗೆ ಹಿಡಿದು ನೋಡಿದ. ಅವನ ಕೈ ಚಿಕ್ಕದಾಯಿತು.

ತಿಂದವರು ಇಬ್ಬರೂ, ಆದರೆ ಅದು ಮೊದಲು ಹಿಡಿದದ್ದು ಅವಳನ್ನು. ಆಮೇಲೆ ಅವಳಿಗೆ ಊಟ ಸೇರಲಿಲ್ಲ. ತುತ್ತು ಬಾಯಿಗಿಡುವಷ್ಟರಲ್ಲಿ ಏನೋ ಒಂದು ಅದನ್ನು ನಾಲಿಗೆಯ ಮೇಲಿಂದ ಎಳೆದುಕೊಳ್ಳುತ್ತಿತ್ತು. ತುಟಿ ಸೀಳುತ್ತಿತ್ತು. ಒಂದು ಮಧ್ಯಾಹ್ನ ಸೂಪು ಕುಡಿಯುತ್ತಿದ್ದವಳು ಕಿಟಾರನೆ ಕಿರುಚಿದಳು. ಬಟ್ಟಲಲ್ಲಿ ಅವಳದೇ ದವಡೆ ಹಲ್ಲು, ಬೇರು ಸಮೇತ. ಕೋಣೆಯಲ್ಲಿ ಸುಟ್ಟ ತಗಡಿನ ನಾತ. ಅವಳ ಬೆನ್ನ ಹಿಂದೆ, ಖಾಲಿ ಮೂಲೆಯಲ್ಲಿ, ಯಾರೋ ಗಬಗಬ ಜಗಿಯುವ ಸದ್ದು.

ಆಗ ಬಹ್ರಾಮ್ ಹೆದರಿದ. ತನಗಲ್ಲ, ಅವಳಿಗೆ. ಕುಣಿಕುಣಿದು ಮನೆಗೆ ಬರುವ ಗಂಡನಿಗಾಗಿ ವರ್ಷಾನುಗಟ್ಟಲೆ ಅಡುಗೆ ಕಾಯಿಸಿಟ್ಟುಕೊಂಡು ಕೂತವಳು. ಪಟ್ಟಣ ಬಿಡಲು ಮನಸ್ಸಿಲ್ಲದಿದ್ದರೂ, ನಿಮ್ಮ ಎದೆ ನೆಟ್ಟಗಿದ್ದರೆ ಸಾಕು ಅಂತ ಬಂದವಳು. ಅವನು ಅಂಬರಳ ಮನೆಗೆ ಓಡಿದ.

"ಈಗ ಬಂದ್ಯಾ ಮೈಕು?" ಅಂದಳು ಮುದುಕಿ. ಆದರೆ ಅವನ ಮುಖ ನೋಡಿ ಮೆತ್ತಗಾದಳು. "ಅವನ ಪಾಲು ನಿಮ್ಮ ಹೊಟ್ಟೆ ಸೇರಿದೆ. ವಾಪಸು ಕೊಡೋಕಾಗಲ್ಲ. ಅವನ ಜಾಗಕ್ಕೆ ಒಬ್ಬರು ಹೋಗ್ಬೇಕು. ಹೊಸ ರೊಟ್ಟಿ ಸುಡಿ. ಹೋಗೋರು ಕಚ್ಚಿ, ಉಳಿದೋರ ಕೈಗೆ ಕೊಟ್ಟು, ಬರಿಗೈಲಿ ಹೊರಟುಬಿಡ್ಬೇಕು. ಅವನು ಬಿಡುಗಡೆ ಆಗ್ತಾನೆ. ಹೋದೋರು ಅವನ ದಾರೀಲಿ ನಡೀತಾ ಇರ್ತಾರೆ."

"ಎಲ್ಲೀವರೆಗೆ?"

"ನನ್ನ ಕೇಳ್ಬೇಡ."

"ನಾನು ಹೋಗ್ತೀನಿ. ಅವಳು ಉಳಿದ್ರೆ ಸಾಕು."

"ಹಾಗಾದ್ರೆ ಮಾತು ಕಮ್ಮಿ ಮಾಡು. ಬೇಗ ಕಚ್ಚು."

ಮನೆಗೆ ಬಂದು ಮುಯಸ್ಸರಳಿಗೆ ಹೇಳಿದ. ಅವಳು ಬೇಡ ಅಂದಳು, ಅತ್ತಳು, ಅವನ ಎದೆಗೆ ಗುದ್ದಿದಳು. "ಯಾವಾಗ್ಲೂ ನೀವೇ ಹೋಗೋದು, ನಾನೇ ಕಾಯೋದು!" ಎಂದಳು. ಕೊನೆಗೆ ಹಿಟ್ಟು ಕಲಸಿದಳು. ರಕ್ತ ಒಸರುವ ತುಟಿಗೆ ಬಟ್ಟೆ ಕಟ್ಟಿಕೊಂಡು ತಂದೂರಿಗೆ ಬಗ್ಗಿದಳು. ಹತ್ತಿಕಡ್ಡಿಯ ಹೊಗೆ ನೆಟ್ಟಗೆ ಮೇಲೆದ್ದಿತ್ತು. ಗಾಳಿಯೇ ಇರಲಿಲ್ಲ.

ಅಷ್ಟರಲ್ಲಿ ಬಡಗಣ ದಿಕ್ಕು ಬಿಳುಚಿತು.

ಬತ್ತಿದ ಸಮುದ್ರದ ಕಡೆಯಿಂದ ಬರುವ ಉಪ್ಪಿನ ಗಾಳಿ ನಮಗೆ ಹೊಸದಲ್ಲ. ಅಂಥ ದಿನ ದನ ಕಟ್ಟುತ್ತೇವೆ, ಕಿಟಕಿಗೆ ಒದ್ದೆ ಬಟ್ಟೆ ತುರುಕುತ್ತೇವೆ. ಆದರೆ ಆವತ್ತಿನದು ಎದ್ದುನಿಂತ ಗೋಡೆ. ನಟ್ಟನಡು ಮಧ್ಯಾಹ್ನ ಕತ್ತಲಾಯಿತು. ಕಾಲುವೆ ಹೋಯಿತು, ಹೊಲ ಹೋಯಿತು, ಅಂಗಳ ಹೋಯಿತು. ಗಂಟಲಲ್ಲಿ ಉಪ್ಪು. ಕಣ್ಣಲ್ಲಿ ಉಪ್ಪು. ಮುಯಸ್ಸರ್ ರೊಟ್ಟಿಯನ್ನು ತಲೆವಸ್ತ್ರದಲ್ಲಿ ಮುಚ್ಚಿಕೊಂಡು ನಡುಮನೆಗೆ ಓಡಿ ಬಂದಳು. ಬಾಗಿಲು ಹಾಕಿ ದೀಪ ಹಚ್ಚಿದರು.

"ಕಚ್ಚಿ," ಅಂದಳು. ರೊಟ್ಟಿ ಹೊಗೆಯಾಡುತ್ತಿತ್ತು.

ಬಹ್ರಾಮ್ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದ. ಬಾಯಿಯವರೆಗೂ ತಂದ. ಆದರೆ ಹೆಂಡತಿಯ ಆ ಮುಖ ನೋಡಿ ಸುಮ್ಮನೆ ಹೋಗಲು ಅವನಿಂದ ಆಗಲಿಲ್ಲ. ಸಾವಿರಾರು ಮದುವೆಗಳಲ್ಲಿ ಯಾರ್‍ಯಾರದೋ ಹೆಂಡತಿಯರ ಬಗ್ಗೆ ಚಂದದ ಮಾತಾಡಿದ್ದ, ಇವಳ ಬಗ್ಗೆ ಒಂದು ಸಲವೂ ಆಡಿರಲಿಲ್ಲ. ರೊಟ್ಟಿ ಕೆಳಗಿಳಿಸಿದ.

"ಮುಯಸ್ಸರ್, ಒಂದೇ ಒಂದು ಮಾತು ಹೇಳಿಬಿಡ್ತೀನಿ..."

"ಆಮೇಲೆ ಹೇಳಿ! ಮೊದ್ಲು ಕಚ್ಚಿ!"

"ಆಮೇಲೆ ಎಲ್ಲಿದೆಯೇ? ಕೇಳು. ಈ ಬಾಯಿ ಊರವರಿಗೆಲ್ಲಾ..."

ಬಾಗಿಲು ತೆರೆಯಿತು.

ಒದ್ದು ತೆರೆದದ್ದಲ್ಲ. ಮನೆಮಗ ತೆರೆಯುವ ಹಾಗೆ. ಬಿಳಿ ದೂಳು ಒಳಗೆ ಸುರಿಯಿತು. ದೂಳಿನಲ್ಲಿ ಒಬ್ಬ ನಿಂತಿದ್ದ. ಸೈನಿಕನ ಬೂಟು. ಅದರ ಮೇಲೆ ಹರಿದ ಕೋಟು. ಕೋಟಿನ ಮೇಲೆ ಇರಬೇಕಾದ ಮುಖ ಅರ್ಧ ಮಾತ್ರ ಇತ್ತು. ಮೂಗಿನ ಕೆಳಗೆ ಏನೂ ಇರಲಿಲ್ಲ. ಬರೀ ತೂತು. ಒದ್ದೆಯಾದ ತೂತು. ತಾಯಿಗೆ ತೋರಿಸದೆ ಬೆಸುಗೆ ಹಾಕಿದ್ದು ಇದನ್ನೇ.

ದೀಪ ಆರಿತು.

ಬಹ್ರಾಮ್ ರೊಟ್ಟಿ ಎತ್ತಿದ. ತಡವಾಗಿತ್ತು. ಬೆರಳುಗಳು ಬಾಯೊಳಗಿದ್ದವು. ತಣ್ಣಗಿನ, ಉಪ್ಪು ಮೆತ್ತಿದ, ಉದ್ದನೆಯ ಬೆರಳು. ಗಂಟಲಿನ ತನಕ. ಕಚ್ಚಿದ. ತಗಡು ಕಚ್ಚಿದಂತಾಯಿತು. ಹಲ್ಲು ಪಟಪಟ ಮುರಿದವು. ಇನ್ನೊಂದು ಕೈ ಕೆಳದವಡೆ ಹಿಡಿಯಿತು. ಎಳೆಯಿತು. ಕಟ್ ಎಂದಿತು. ಕಿವಿಯ ಬುಡದಲ್ಲಿ ಚರ್ಮ ಹರಿಯುವ ಸದ್ದು ಅವನಿಗೇ ಕೇಳಿತು. ಬಿಸಿ ರಕ್ತ ಕುತ್ತಿಗೆಯಿಂದ ಎದೆಗೆ ಇಳಿಯಿತು. ಕೂಗಿದ. ಕೂಗು ನಾಲಿಗೆಯ ಜೊತೆಗೇ ಹೊರಗೆ ಹೋಯಿತು. ನೆಲಕ್ಕೆ ಬಿದ್ದ. ಅವನ ಎದೆಯ ಮೇಲೆ ಮಂಡಿಯೂರಿ ಅದು ಜಗಿಯುತ್ತಿತ್ತು. ಜಗಿಯಲು ಬಾಯಿಲ್ಲ. ಆದರೂ ಜಗಿಯುತ್ತಿತ್ತು.

ಮುಯಸ್ಸರ್ ಕತ್ತಲಲ್ಲಿ ನೆಲ ತಡವುತ್ತಿದ್ದಳು. ರಕ್ತ. ಹಲ್ಲು. ಬೂಟು. ಮತ್ತೆ ರಕ್ತ. ಕೈಗೆ ಬೆಚ್ಚಗಿನ ದುಂಡನೆಯದೊಂದು ತಾಗಿತು. ರೊಟ್ಟಿ. ಎತ್ತಿಕೊಂಡಳು. ಹಣೆಗೆ ಒತ್ತಿಕೊಂಡಳು. ಸೀಳಿದ ತುಟಿ, ಅಲುಗುವ ಹಲ್ಲು. ಕಚ್ಚಿದಳು.

ಜಗಿಯುವ ಸದ್ದು ನಿಂತಿತು.

ಅವಳು ತೆವಳಿಕೊಂಡು ಬಂದು ಗಂಡನ ಕೈ ಹುಡುಕಿ, ಅದರಲ್ಲಿ ರೊಟ್ಟಿಯಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. "ಈ ಸಲ ನೀವು ಕಾಯಿರಿ," ಅಂದಳು. ಎದ್ದಳು. ಬಾಗಿಲ ಬಿಳುಪಿನಲ್ಲಿ ಅವಳ ನೆರಳು ಒಂದು ಗಳಿಗೆ ಕಂಡಿತು. ಆಮೇಲೆ ದೂಳು ಮಾತ್ರ.

ರಜಬ್ ಅವನನ್ನು ಟ್ರಾಕ್ಟರಿನಲ್ಲಿ ಆಸ್ಪತ್ರೆಗೆ ಒಯ್ದ. ಬಹ್ರಾಮ್ ಬದುಕಿಕೊಂಡ. ಪಂಪಿನ ಬೆಲ್ಟಿಗೆ ಮುಖ ಸಿಕ್ಕಿಕೊಂಡಿತು ಎಂದು ನಾವೇ ಹೇಳಿದೆವು. ಡಾಕ್ಟರು ನಂಬಲಿಲ್ಲ, ಕೇಳಲೂ ಇಲ್ಲ. ಪೊಲೀಸರು ಮುಯಸ್ಸರಳಿಗಾಗಿ ಕಾಲುವೆ ಜಾಲಾಡಿದರು. ಊರವರೆಲ್ಲ ಹೊಲ ಹೊಲ ಹುಡುಕಿದೆವು. ಹಿಡಿ ಗುಡ್ಡವಿಲ್ಲದ ಈ ಬಯಲಲ್ಲಿ ಒಬ್ಬ ಹೆಂಗಸು ಎಲ್ಲಿ ಮರೆಯಾಗುತ್ತಾಳೆ?

ಅವಳು ಮರೆಯಾಗಿಲ್ಲ. ಹೊತ್ತು ಕಂತುವಾಗ ಬದುವಿನ ಮೇಲೆ ನಡೆದು ಬರುತ್ತಾಳೆ. ನಾವೆಲ್ಲ ಬಾಗಿಲು ಹಾಕಿಕೊಳ್ಳುತ್ತೇವೆ. ಅವಳು ತನ್ನ ಮನೆಯ ಹೊಸ್ತಿಲಾಚೆ ಬಂದು ನಿಲ್ಲುತ್ತಾಳೆ. ಒಳಗೆ ರೊಟ್ಟಿ ಮೊಳೆಗೆ ತೂಗುತ್ತಿದೆ, ಬಹ್ರಾಮ್ ಅದರ ಕೆಳಗೇ ಕೂತಿದ್ದಾನೆ. ಇಲಿ ಬಂದರೆ ಓಡಿಸುತ್ತಾನೆ, ನೊಣ ಬಂದರೆ ಬೀಸುತ್ತಾನೆ.

"ಹೆಸರು ಹಿಡಿದು ಕರಿ ಮಗನೇ," ಎಂದು ಅಂಬರ್ ಮುದುಕಿ ಒಂದು ಸಂಜೆ ಅವನ ಪಕ್ಕ ಕೂತು ಅತ್ತಳು. "ಅವಳು ಸತ್ತಿಲ್ಲ, ಬದುಕಿರೋ ಮೈಯಲ್ಲೇ ಹೋದೋಳು. ರೊಟ್ಟಿ ನಿನ್ನ ಕೈಗೆ ಕೊಟ್ಟು ಹೋಗಿದ್ದಾಳೆ, ನೀನು ಕರೆದ್ರೆ ಮಾತ್ರ ಒಳಗೆ ಬರೋದು. ಒಳಗಿರೋ ನಾವು ಅವಳ ಕಣ್ಣಿಗೆ ಕಾಣಲ್ಲ, ನಾನು ಕರೆದ್ರೆ ತಿರುಗೂ ನೋಡಲ್ಲ. ಒಂದೇ ಸಲ, ಮುಯಸ್ಸರ್ ಅನ್ನು!"

ಹೊರಗಿನಿಂದ ಅವಳ ದನಿ ಬಂತು. "ರೀ, ಇದ್ದೀರಾ?"

ಬಹ್ರಾಮ್ ಎದ್ದ. ಮುಖಕ್ಕೆ ಸುತ್ತಿದ್ದ ಬಟ್ಟೆ ಕಿತ್ತೆಸೆದ. ಕುತ್ತಿಗೆಯ ನರ ಬಿಗಿದು, ಕಣ್ಣಲ್ಲಿ ನೀರು ಸುರಿದು, ಮೈಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕರೆದ. ತೆರೆದ ಗಂಟಲಿನಿಂದ ಗೊರಗೊರ ಸದ್ದು ಬಂತು.

ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡಳೋ ಏನೋ, ತಲೆವಸ್ತ್ರ ಸರಿಪಡಿಸಿಕೊಂಡು ಬದುವಿನ ಕಡೆ ತಿರುಗಿ ಹೊರಟುಹೋದಳು.